ಅದಿರು, ಅಧರ

ಕತ್ತರಿ ನನ್ನ ಕೈಯಲ್ಲಿದೆ,
ಹಾಗಾಗಿ ತೀರ್ಪೂ ನನ್ನದೇ ಅಂತಾರೆ ಇಬ್ಬರೂ.
ಅರವತ್ತು ಪದರ ಜೀನ್ಸ್ ಬಟ್ಟೆ ಒಂದೇ ಏಟಿಗೆ ಕೊಯ್ದೇನು,
ಈ ಜಗಳ ಕೊಯ್ಯಲಾರೆ.
ಹನ್ನೊಂದು ವರ್ಷದಿಂದ ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಹದಿನೆಂಟು ಮಷಿನ್ನಿನ ಸದ್ದಿನ ಮೇಲೆ
ಕೂಗಿ ಕೂಗಿ ಆಡುವ ಜಗಳ.

ಎರ್ರಿಸ್ವಾಮಿ ಜಿಪ್ಪು ಹಚ್ಚುವವ.
ಅವನ ಪಾಲಿಗೆ ರೂಬೆನ್ ಅಂದರೆ ಆ ಆರೇ ಹಾಡು:
ಬ್ಯಾಂಡು ಒಡೆದು, ಡ್ರಮ್ಮಿನವನು ಮೊಬೈಲು ಅಂಗಡಿ ಇಟ್ಟ ಮೇಲೆ
ರೈಲ್ವೆ ಕ್ವಾರ್ಟರ್ಸಿನ ಅಡುಗೆಕೋಣೆಯಲ್ಲಿ
ಕಿಟಕಿಗೆ ಕಂಬಳಿ ಕಟ್ಟಿ
ಒಬ್ಬನೇ ಕೂತು ಹಾಡಿಕೊಂಡದ್ದು.
"ನಾಕನೇದ್ರಾಗ ಅದಿರಿನ ಗಾಡಿ ಹಾಯ್ತೈತೆ, ಕೇಳ್ರಿ ಮೇಸ್ತ್ರಿ.
ಐವತ್ತೆಂಟು ಡಬ್ಬಿ. ಎಣಿಸೀನಿ.
ಅವ ನಿಲ್ಲಿಸ್ಲಿಲ್ಲ. ಗಾಡಿ ಮ್ಯಾಲೇ ಹಾಡ್ಯಾನೆ.
ಅದು ಎದೆ."

"ಆ ಎದೆ ಯಾರು ಕೇಳಿದ್ರಪಾ?" ಜಿಲಾನಿ ಜೇಬು ಹೊಲಿಯುತ್ತಲೇ,
"ನೀನು, ನಾನು, ಅವನ ಅವ್ವ.
ಸಿನಿಮಾಕ್ಕ ಹಾಡಿದ ಮ್ಯಾಲೆ ಸಿರುಗುಪ್ಪದ ಟ್ರ್ಯಾಕ್ಟರಿನಾಗೂ ಅವನೇ,
ಮದಿವಿ ಮನಿ ಮೈಕಿನಾಗೂ ಅವನೇ.
ಹಿಂದ ಮೂವತ್ತು ಪಿಟೀಲು ನಿಂತ್ರ
ದನಿ ಸಣ್ಣದಾಗ್ತದೇನು?
ಅವಂಗೂ ಬಾಡಿಗಿ ಕೇಳೋರು ಇರ್ತಾರ, ಭಾಯ್."

"ಬಾಡಿಗಿ ಕಟ್ಲಿ. ಹಾಡು ಯಾಕ ಮಾರಿದ?
ಅದೇ ನಾಕನೇ ಹಾಡು, ಅದೇ ಧಾಟಿ.
'ಅದಿರು' ಇದ್ದಲ್ಲಿ 'ಅಧರ' ಅಂತ ಇಟ್ಟಾರೆ!
ಕಲ್ಲು ತೆಗೆದು ತುಟಿ!"

"ತುಟಿ ಇಲ್ದ ಹಾಡ್ತಾನೇನಲೇ ನಿನ್ ರೂಬೆನ್?"

ಶೆಡ್ಡು ನಗುತ್ತದೆ. ಗುಂಡಿ ಹಚ್ಚುವ ಹುಡುಗರೂ ನಗುತ್ತಾರೆ,
ಅವರು ಹುಟ್ಟುವ ಮೊದಲೇ ಬ್ಯಾಂಡು ಮುಗಿದಿತ್ತು.
ಅದಿರು ಅಂದರೆ ಬರೀ ಕಲ್ಲಲ್ಲ, ನಡುಗು ಅಂತಲೂ ಆಗುತ್ತದೆ
ಎನ್ನಬೇಕೆಂದುಕೊಳ್ಳುತ್ತೇನೆ.
ಅಷ್ಟರಲ್ಲಿ ಸೀಮೆಸುಣ್ಣದ ಗೆರೆ ಸೊಟ್ಟಗಾಗಿರುತ್ತದೆ.

ಒಂದು ಶುಕ್ರವಾರ ಸುಂಕಮ್ಮ ಬಾಯಿ ಬಿಟ್ಟಳು.
ದಾರ ಕತ್ತರಿಸುವ ಸುಂಕಮ್ಮ. ದಿನಕ್ಕೆ ನಾನೂರು ಪ್ಯಾಂಟು.
ಎದೆಯಲ್ಲಿ ನೀಲಿ ನೂಲಿನ ಧೂಳು ಕೂತು
ಮಾತಿಗೊಮ್ಮೆ ನಿಂತು ಗಾಳಿ ಎಳೆಯುವವಳು.
"ಕಂಬಳಿ ಕಟ್ಟಿ ಹಾಡಿದ್ರಾಗ
ಮೂರನೇ ಸಾಲಿಗೆ ಮುಂಚೆ ಅವ ಉಸಿರು ತಗಂತಾನೆ.
ನನ್ನಂಗೆ, ಕಷ್ಟಬಿದ್ದು.
ಸಿನಿಮಾದಾಗ ಅದಿಲ್ಲ.
ಕತ್ತರಿ ಎಲ್ಲಿ ಬಿದ್ದೈತೆ ಅಂತ
ನನಗ ಗೊತ್ತಾಗಲ್ಲೇನ್ರೀ?"

ಯಾರೂ ಏನೂ ಅನ್ನಲಿಲ್ಲ.
ಎರ್ರಿಸ್ವಾಮಿಗೆ ಗೆದ್ದೆ ಅನ್ನಿಸಬೇಕಿತ್ತು,
ಅವನ ಮುಖದಲ್ಲಿ ಅದು ಕಾಣಲಿಲ್ಲ.
ಆರು ಹಾಡು ಸಾವಿರ ಸಲ ಕೇಳಿದವನು
ಆ ಉಸಿರು ಕೇಳಿರಲಿಲ್ಲ.

ನಾನೂ ಒಂದು ಮಾತು ಇವರಿಗೆ ಹೇಳಿಲ್ಲ.
ರೂಬೆನ್ ಒಮ್ಮೆ ಇಲ್ಲಿಗೆ ಬಂದಿದ್ದ.
ಭಾನುವಾರ, ನಾನೊಬ್ಬನೇ. ಸಿನಿಮಾದವರು ಕೊಟ್ಟ ಪ್ಯಾಂಟು,
ಮೂರು ಅಂಗುಲ ಉದ್ದ.
ಮೋಟು ಮಾಡುವತನಕ ಸ್ಟೂಲಿನ ಮೇಲೆ ಕೂತು
ಲುಂಗಿಯಲ್ಲಿ ಏನೋ ಗುನುಗಿದ.
ಆರರಲ್ಲಿ ಇರದ್ದು, ಹದಿನಾಲ್ಕು ಸಿನಿಮಾದಲ್ಲೂ ಇರದ್ದು.
ಮಷಿನ್ನು ನಿಲ್ಲಿಸಿ ಕೇಳಬಹುದಿತ್ತು.
ನಿಲ್ಲಿಸಲಿಲ್ಲ. ಇಪ್ಪತ್ತು ರೂಪಾಯಿ ಕೊಟ್ಟು ಹೋದ.
ಹೇಳಿದರೆ ಮೂರನೇ ಪಕ್ಷ ಹುಟ್ಟೀತು.
ಆ ಮೂರಂಗುಲದ ತುಂಡಿನಿಂದ
ನನ್ನ ಮಷಿನ್ನಿನ ಎಣ್ಣೆ ಒರೆಸುತ್ತಾರೆ, ಈಗಲೂ.

ನಾಕೂವರೆಗೆ ಕರೆಂಟು ಹೋಯಿತು.
ಪೇಪರಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು.
ಫ್ಯಾನು ನಿಂತು ಗುಡ್ಡದ ಬಿಸಿ ತಗಡಿನಿಂದ ಇಳಿಯಿತು.
ದೂರದಲ್ಲಿ ಗುಂತಕಲ್ಲಿನ ಕಡೆಗೆ
ಒಂದು ಗೂಡ್ಸು ಸಾಗುತ್ತಿತ್ತು, ಮುಗಿಯದಂತೆ.

ಜಿಲಾನಿ ಮಿರ್ಚಿಯ ತೊಟ್ಟು ಎಸೆದ.
"ಐವತ್ತೊಂಬತ್ತು," ಅಂದ, ಯಾರ ಕಡೆಗೂ ನೋಡದೆ.
"ಏನು?"
"ನಾಕನೇ ಹಾಡಿನಾಗ. ಐವತ್ತೆಂಟಲ್ಲ.
ಗಾರ್ಡಿನ ಡಬ್ಬಿ ಬಿಟ್ಟೀದಿ ನೀನು."